ಐಬಿ ಪರೀಕ್ಷೆ ಪಾಸಾದರೆ ‘ರಾ’ಗೆ ಹೋಗಬಹುದಾ?

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ. ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ. ಅದರ ಬೆನ್ನಿಗೇ ಪಾಕಿಸ್ತಾನಕ್ಕೆ ಮಾಹಿತಿ ಕೊಟ್ಟ ಆರೋಪದ ಮೇಲೆ ಸಾಲು ಸಾಲು ಬಂಧನ. ಟಿವಿ ಹಾಕಿದರೆ ಗೂಢಚಾರರದ್ದೇ ಮಾತು. ಈ ಬಿಸಿ ಆರುವ ಮೊದಲೇ ಜುಲೈನಲ್ಲಿ ಇಂಟೆಲಿಜೆನ್ಸ್ ಬ್ಯೂರೋ, ಅಂದರೆ ಐಬಿ, ಎರಡು ದೊಡ್ಡ ನೇಮಕಾತಿ ಪ್ರಕಟಣೆ ಹೊರಡಿಸಿತು. ಸಹಾಯಕ ಕೇಂದ್ರ ಗುಪ್ತಚರ ಅಧಿಕಾರಿ ದರ್ಜೆ-2ಕ್ಕೆ 3,717 ಹುದ್ದೆ, ಭದ್ರತಾ ಸಹಾಯಕ ಕೆಲಸಕ್ಕೆ 4,987 ಹುದ್ದೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಕೆಲಸಕ್ಕೆ ಓದುವವರಿಗೆ ಇದು ಸಣ್ಣ ಸುದ್ದಿಯಲ್ಲ. ರಾಜ್ಯದ ನೇಮಕಾತಿಗಳು ಅವರನ್ನು ಸಾಕಷ್ಟು ಕಾಯಿಸಿವೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರಲ್ಲಿ ನಡೆದು, ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಕೆಎಎಸ್ ಪೂರ್ವಭಾವಿ ಪರೀಕ್ಷೆಯಂತೂ ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಎಡವಟ್ಟಾಗಿದ್ದಕ್ಕೆ 2024ರಲ್ಲೇ ಎರಡು ಸಲ ನಡೆಯಿತು. ಇಷ್ಟೆಲ್ಲ ನೋಡಿದವರು ಕೇಂದ್ರದ ಪ್ರಕಟಣೆ ಬಂದರೆ ಮುಗಿಬೀಳುವುದು ಸಹಜ.

ಗೊಂದಲ ಶುರುವಾಗಿದ್ದು ಇಲ್ಲೇ. ‘ಗೂಢಚಾರ ಆಗಲು ಸುವರ್ಣಾವಕಾಶ’ ಎಂಬ ಧಾಟಿಯಲ್ಲಿ ಹರಿದಾಡುವ ಸಂದೇಶಗಳು ಐಬಿಯನ್ನೂ ಹೊರದೇಶದ ಬೇಹುಗಾರಿಕೆ ನೋಡಿಕೊಳ್ಳುವ ‘ರಾ’ವನ್ನೂ ಒಂದೇ ಮಾಡಿಬಿಡುತ್ತವೆ. ಈ ಪರೀಕ್ಷೆ ಬರೆದರೆ ಹೊರದೇಶದಲ್ಲಿ ಬೇಹುಗಾರಿಕೆ ಮಾಡುವ ಅಧಿಕಾರಿ ಆಗಬಹುದು ಎಂದು ನಂಬಿ ಫೀಸು ಕಟ್ಟುವವರಿದ್ದಾರೆ. ನೇರ ಉತ್ತರ: ಆಗುವುದಿಲ್ಲ. ಯಾಕೆ ಆಗುವುದಿಲ್ಲ, ಮತ್ತೆ ಆ ಕೆಲಸಕ್ಕೆ ಜನ ಎಲ್ಲಿಂದ ಬರುತ್ತಾರೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು.

ಒಳಗಿನದು ಒಂದು, ಹೊರಗಿನದು ಇನ್ನೊಂದು

ಐಬಿಯ ಮೂಲ ಬ್ರಿಟಿಷರ ಕಾಲದ್ದು, 1887ರದ್ದು. ಅದು ಗೃಹ ಸಚಿವಾಲಯದ ಅಡಿಯಲ್ಲಿದೆ. ದೇಶದ ಒಳಗಿನ ಭದ್ರತೆ ಅದರ ಕೆಲಸ. ಭಯೋತ್ಪಾದಕ ಜಾಲ, ನಕ್ಸಲ್ ಚಟುವಟಿಕೆ, ಹೊರದೇಶದ ಗೂಢಚಾರರು ಇಲ್ಲಿ ಏನು ಮಾಡುತ್ತಿದ್ದಾರೆ ಎಂಬುದು, ಗಣ್ಯರಿಗೆ ಇರುವ ಬೆದರಿಕೆ, ಹೀಗೆ.

1968ರವರೆಗೆ ಹೊರದೇಶದ ಬೇಹುಗಾರಿಕೆಯೂ ಐಬಿಯ ಹೆಗಲ ಮೇಲೇ ಇತ್ತು. 1962ರಲ್ಲಿ ಚೀನಾ, 1965ರಲ್ಲಿ ಪಾಕಿಸ್ತಾನ. ಎರಡೂ ಯುದ್ಧಗಳಲ್ಲಿ ಎದುರಾಳಿಯ ತಯಾರಿ ಬಗ್ಗೆ ಸರಿಯಾದ ಮಾಹಿತಿ ಸಿಗಲಿಲ್ಲ ಎಂಬ ಟೀಕೆ ಬಂತು. ಅದರ ಫಲವಾಗಿ ಇಂದಿರಾ ಗಾಂಧಿ ಸರ್ಕಾರ 1968ರ ಸೆಪ್ಟೆಂಬರ್ 21ರಂದು ರಿಸರ್ಚ್ ಅಂಡ್ ಅನಾಲಿಸಿಸ್ ವಿಂಗ್ ಅನ್ನು ಬೇರೆ ಮಾಡಿತು. ಅದೇ ‘ರಾ’. ಆರ್.ಎನ್. ಕಾವ್ ಮೊದಲ ಮುಖ್ಯಸ್ಥ. ಸುಮಾರು 250 ಜನರಿಂದ ಶುರುವಾದ ಸಂಸ್ಥೆ ಮೂರೇ ವರ್ಷದಲ್ಲಿ, ಬಾಂಗ್ಲಾದೇಶ ಹುಟ್ಟುವ ಹೊತ್ತಿಗೆ, ಹೆಸರು ಮಾಡಿತು.

‘ರಾ’ ಗೃಹ ಸಚಿವಾಲಯದ ಕೆಳಗೆ ಬರುವುದಿಲ್ಲ. ಅದು ಕೇಂದ್ರ ಸಂಪುಟದ ಸಚಿವಾಲಯ, ಅಂದರೆ ಕ್ಯಾಬಿನೆಟ್ ಸೆಕ್ರೆಟರಿಯೇಟ್‌ನ ಒಂದು ಭಾಗ. ಅದರ ಮುಖ್ಯಸ್ಥರ ಅಧಿಕೃತ ಪದನಾಮವೂ ‘ಕಾರ್ಯದರ್ಶಿ (ಸಂಶೋಧನೆ)’ ಅಂತಷ್ಟೇ. ಕೇಳಿದರೆ ಯಾವುದೋ ಕೃಷಿ ಸಂಶೋಧನಾ ಕೇಂದ್ರದವರು ಅಂದುಕೊಳ್ಳಬೇಕು! ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ: ಐಬಿಗಾಗಲಿ ‘ರಾ’ಗಾಗಲಿ ಸಂಸತ್ತು ಪಾಸು ಮಾಡಿದ ಸ್ಥಾಪನಾ ಕಾಯ್ದೆಯೇ ಇಲ್ಲ. ಎರಡೂ ಸರ್ಕಾರಿ ಆದೇಶದ ಮೇಲೆ ನಡೆಯುತ್ತಿವೆ.

ಐಬಿ ಕೆಲಸ ಕಡಿಮೆಯದು ಅಂತಲ್ಲ. ದರ್ಜೆ-2 ಅಧಿಕಾರಿ ಹುದ್ದೆಗೆ ಯಾವುದೇ ಪದವಿ ಸಾಕು, ವಯಸ್ಸು 18ರಿಂದ 27. ಮೂಲ ವೇತನ 44,900 ರೂಪಾಯಿಯಿಂದ ಶುರು, ಅದರ ಮೇಲೆ ಶೇ 20ರಷ್ಟು ವಿಶೇಷ ಭದ್ರತಾ ಭತ್ಯೆ. ಒಂದು ಗಂಟೆಯಲ್ಲಿ ನೂರು ಬಹುಆಯ್ಕೆ ಪ್ರಶ್ನೆ, ನಂತರ ಬರವಣಿಗೆಯ ಪರೀಕ್ಷೆ, ಕೊನೆಗೆ ಸಂದರ್ಶನ. ಭದ್ರತಾ ಸಹಾಯಕ ಹುದ್ದೆಗೆ ಎಸ್‌ಎಸ್‌ಎಲ್‌ಸಿ ಸಾಕು, ಆದರೆ ಆಯಾ ರಾಜ್ಯದ ನಿವಾಸಿ ಆಗಿರಬೇಕು, ಸ್ಥಳೀಯ ಭಾಷೆ ಚೆನ್ನಾಗಿ ಬರಬೇಕು. ಸ್ಥಳೀಯ ಭಾಷೆಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಸ್ಥಳೀಯ ಭಾಷೆಗೆ ಅನುವಾದ ಮಾಡಿಸುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡವೇ ಅರ್ಹತೆಯಾಗುವ ಅಪರೂಪದ ಕೇಂದ್ರ ಹುದ್ದೆ ಇದು. ಆದರೆ ಕೆಲಸ ದೇಶದೊಳಗೆ. ಐಬಿಯಲ್ಲೇ ಬೆಳೆದು ‘ರಾ’ ಮುಖ್ಯಸ್ಥರಾದ ಎ.ಎಸ್. ದುಲತ್ ಅವರಂಥವರು ಇದ್ದಾರೆ. ಆದರೆ ಅವರು ಐಪಿಎಸ್ ಅಧಿಕಾರಿ. ದರ್ಜೆ-2 ಪರೀಕ್ಷೆ ಬರೆದು ಬಂದವರಲ್ಲ.

‘ರಾ’ಗೆ ಜನ ಎಲ್ಲಿಂದ ಬರುತ್ತಾರೆ?

ಮೊದಲ ದಾರಿ ಡೆಪ್ಯುಟೇಶನ್. ಐಪಿಎಸ್, ಕಂದಾಯ ಸೇವೆ, ಸೇನೆ, ಅರೆಸೇನಾ ಪಡೆ, ಇಂಥ ಕಡೆ ಈಗಾಗಲೇ ಕೆಲಸ ಮಾಡುತ್ತಿರುವವರನ್ನು ‘ರಾ’ ಕರೆಸಿಕೊಳ್ಳುತ್ತದೆ. ಕೆಲವರು ಕೆಲ ವರ್ಷ ಇದ್ದು ಮೂಲ ಸೇವೆಗೆ ವಾಪಸ್ ಹೋಗುತ್ತಾರೆ, ಕೆಲವರು ಅಲ್ಲೇ ಉಳಿದುಬಿಡುತ್ತಾರೆ.

ಎರಡನೆಯದು ಸಂಸ್ಥೆಯದೇ ಸ್ವಂತ ಸೇವೆ. 1971ರಲ್ಲಿ ರಿಸರ್ಚ್ ಅಂಡ್ ಅನಾಲಿಸಿಸ್ ಸರ್ವಿಸ್ ಹುಟ್ಟಿತು. ಆರ್‌ಎಎಸ್ ಅಂತ ಕರೆಯುತ್ತಾರೆ. ರಾಜಸ್ಥಾನದ ಆಡಳಿತ ಸೇವೆಗೂ ಇದೇ ಮೂರಕ್ಷರ ಇರುವುದರಿಂದ ಹುಡುಕಾಡುವವರು ಇಲ್ಲೂ ದಾರಿ ತಪ್ಪುತ್ತಾರೆ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಸೇವೆಗಳ ಪಟ್ಟಿಯಲ್ಲಿ ಈ ಹೆಸರು ಇರುವುದಿಲ್ಲ, ಆದ್ದರಿಂದ ಆಯ್ಕೆ ಕ್ರಮದಲ್ಲಿ ಅದನ್ನು ತುಂಬಲೂ ಬರುವುದಿಲ್ಲ. ಪರೀಕ್ಷೆ ಪಾಸಾಗಿ ತರಬೇತಿಯಲ್ಲಿ ಇರುವವರಲ್ಲಿ ಸರಿ ಕಂಡವರನ್ನು ಸಂಸ್ಥೆಯೇ ಗುರುತಿಸುತ್ತದೆ. ಸಂದರ್ಶನ, ಮನೋಪರೀಕ್ಷೆ, ಹಿನ್ನೆಲೆ ತಪಾಸಣೆ ಎಲ್ಲ ಆದ ಮೇಲೆ ತೆಗೆದುಕೊಳ್ಳುತ್ತದೆ. ಆಯ್ಕೆ ಮಾಡುವುದು ಅವರು, ನೀವಲ್ಲ.

ಇವೆರಡಕ್ಕೂ ಹೊಸ್ತಿಲು ಒಂದೇ: ಮೊದಲು ದೊಡ್ಡ ಸರ್ಕಾರಿ ಸೇವೆಯೊಂದರಲ್ಲಿ ಇರಬೇಕು. ಅಂದರೆ ಹೆಚ್ಚಿನವರ ಪಾಲಿಗೆ ಯುಪಿಎಸ್‌ಸಿ. 2025ರ ಪ್ರಕಟಣೆಯಲ್ಲಿ ಎಲ್ಲ ಸೇವೆ ಸೇರಿ ಇದ್ದದ್ದು 979 ಹುದ್ದೆ. ಹಳ್ಳಿಯಿಂದ ಅಲ್ಲಿಗೆ ಹೋಗಲು ಆಗುತ್ತದಾ ಎನ್ನುವವರಿಗೆ ಕೋಲಾರ ತಾಲ್ಲೂಕಿನ ಕೆಂಬೋಡಿಯ ಕೆ.ಆರ್. ನಂದಿನಿ ಅವರ ಉದಾಹರಣೆ ಕೈಯಳತೆಯಲ್ಲೇ ಇದೆ. 2016ರ ಪರೀಕ್ಷೆಯಲ್ಲಿ ಅವರು ದೇಶಕ್ಕೇ ಮೊದಲಿಗರು, ಐಚ್ಛಿಕ ವಿಷಯವಾಗಿ ತೆಗೆದುಕೊಂಡಿದ್ದು ಕನ್ನಡ ಸಾಹಿತ್ಯ.

ಮೂರನೇ ದಾರಿ ಜಾಸ್ತಿ ಜನರಿಗೆ ಗೊತ್ತಿಲ್ಲದ್ದು, ಆದರೆ ಎಂಜಿನಿಯರಿಂಗ್ ಓದುವವರು ಗಮನಿಸಬೇಕಾದದ್ದು. ಕ್ಯಾಬಿನೆಟ್ ಸೆಕ್ರೆಟರಿಯೇಟ್ ಆಗಾಗ ಡೆಪ್ಯುಟಿ ಫೀಲ್ಡ್ ಆಫೀಸರ್ (ತಾಂತ್ರಿಕ) ಹುದ್ದೆಗಳಿಗೆ ಅರ್ಜಿ ಕರೆಯುತ್ತದೆ. 2023ರಲ್ಲಿ 125, 2024ರಲ್ಲಿ 160, 2025ರಲ್ಲಿ 250. ಬಹುಪಾಲು ಕಂಪ್ಯೂಟರ್ ಸೈನ್ಸ್ ಮತ್ತು ಎಲೆಕ್ಟ್ರಾನಿಕ್ಸ್‌ನವರಿಗೆ. ಆಯ್ಕೆಗೆ ಗೇಟ್ ಪರೀಕ್ಷೆಯ ಅಂಕ ಆಧಾರ, ವಯಸ್ಸಿನ ಮಿತಿ 30. ವೇತನ ಶ್ರೇಣಿ ಐಬಿ ದರ್ಜೆ-2 ಅಧಿಕಾರಿಯದ್ದೇ. ಪ್ರಕಟಣೆಯಲ್ಲಿ ‘ರಾ’ ಎಂಬ ಹೆಸರು ಎಲ್ಲೂ ಇರುವುದಿಲ್ಲ. ಈ ಜನ ಹೋಗುವುದು ಅಲ್ಲಿಗೇ ಎಂದು ಎಲ್ಲರೂ ಊಹಿಸುತ್ತಾರೆ, ಅಷ್ಟೆ. ತಮಾಷೆ ಏನಪ್ಪಾ ಅಂದರೆ, ಕಂಪ್ಯೂಟರ್ ಪರಿಣತರನ್ನು ಹುಡುಕುವ ಈ ನೇಮಕಾತಿಗೆ ಆನ್‌ಲೈನ್ ಅರ್ಜಿ ಇಲ್ಲ. ಕಾಗದದ ಅರ್ಜಿ ತುಂಬಿ, ದೆಹಲಿಯ ಲೋಧಿ ರೋಡ್ ಪ್ರಧಾನ ಅಂಚೆ ಕಚೇರಿಯ ಒಂದು ಪೋಸ್ಟ್ ಬ್ಯಾಗ್ ನಂಬರಿಗೆ, ಸಾಧಾರಣ ಅಂಚೆಯಲ್ಲಿ ಕಳಿಸಬೇಕು.

ಬಾಗಿಲು ಮುಚ್ಚಿರುವುದು ಸರಿಯೇ?

ಈ ವಿಷಯದಲ್ಲಿ ಅನುಭವಿಗಳಲ್ಲೇ ಎರಡು ಪಂಗಡ ಇವೆ.

ಮುಚ್ಚಿರಲಿ ಎನ್ನುವವರ ವಾದ ಸರಳ. ಬಾಗಿಲು ತೆರೆದರೆ ಮೊದಲು ಅರ್ಜಿ ಹಾಕುವವನು ಶತ್ರು ದೇಶ ಕಳಿಸಿದವನೇ ಆಗಿರಬಹುದು. ‘ನನಗೆ ಗೂಢಚಾರ ಆಗಲೇಬೇಕು’ ಎಂದು ಹಟ ಹಿಡಿದವನು ಆ ಕೆಲಸಕ್ಕೆ ಒಗ್ಗುವವನಲ್ಲ. ಈಗಾಗಲೇ ಸರ್ಕಾರಿ ಸೇವೆಯಲ್ಲಿ ನಾಲ್ಕಾರು ವರ್ಷ ದುಡಿದವನ ಗುಣ, ಸಾಲ, ಸಹವಾಸ ಎಲ್ಲ ದಾಖಲೆಯಲ್ಲಿ ಇರುತ್ತದೆ. ಪೊಲೀಸ್ ಅಧಿಕಾರಿಗಳಿಗೆ ಮಾಹಿತಿದಾರರನ್ನು ಬೆಳೆಸುವುದು ಹೇಗೆ ಎಂದು ಮೊದಲೇ ಗೊತ್ತಿರುತ್ತದೆ.

ಎದುರು ವಾದವೂ ಗಟ್ಟಿಯಾಗಿದೆ. 2004ರಲ್ಲಿ ‘ರಾ’ದ ಜಂಟಿ ಕಾರ್ಯದರ್ಶಿ ಮಟ್ಟದ ಅಧಿಕಾರಿಯೊಬ್ಬ ನೇಪಾಳದ ಮೂಲಕ ಅಮೆರಿಕಕ್ಕೆ ಪರಾರಿಯಾದ. ಆತ ಬಂದಿದ್ದು ಸೇನೆಯಿಂದ, ಇದೇ ಮುಚ್ಚಿದ ಬಾಗಿಲಿನ ಮೂಲಕ. ಅಂದಮೇಲೆ ಗುಟ್ಟಾಗಿ ಆರಿಸಿಕೊಂಡರೆ ಮೋಸ ಆಗುವುದಿಲ್ಲ ಅನ್ನುವ ಹಾಗಿಲ್ಲ. ಇನ್ನು, ಆರಂಭದ ವರ್ಷಗಳಲ್ಲಿ ಬಾಯಿಮಾತಿನ ಮೇಲೆ, ಪರಿಚಯದವರನ್ನೇ ತೆಗೆದುಕೊಂಡಿದ್ದಕ್ಕೆ ‘ರಿಲೇಟಿವ್ಸ್ ಅಂಡ್ ಅಸೋಸಿಯೇಟ್ಸ್ ವೆಲ್‌ಫೇರ್ ಅಸೋಸಿಯೇಷನ್’, ಅಂದರೆ ನೆಂಟರಿಷ್ಟರ ಕ್ಷೇಮಾಭಿವೃದ್ಧಿ ಸಂಘ, ಎಂಬ ಲೇವಡಿ ದೆಹಲಿಯಲ್ಲಿ ಹುಟ್ಟಿತ್ತು.

ಒಳಗೊಳಗೇ ಇರುವ ಇನ್ನೊಂದು ತಿಕ್ಕಾಟ ಸ್ವಂತ ಸೇವೆಯವರಿಗೂ ಐಪಿಎಸ್‌ನಿಂದ ಬಂದವರಿಗೂ ನಡುವಿನದು. ಒಂದೇ ದೇಶದ ಮೇಲೆ ಇಪ್ಪತ್ತು ವರ್ಷ ಕಣ್ಣಿಟ್ಟು, ಅಲ್ಲಿನ ಭಾಷೆ ಕಲಿತವನ ಮೇಲೆ ಬೇರೆ ಸೇವೆಯಿಂದ ಬಂದವರು ಬಂದು ಕೂತರೆ ಆತನಿಗೆ ಹೇಗಾಗಬೇಡ? ಮುಖ್ಯಸ್ಥರ ಕುರ್ಚಿ ಹೆಚ್ಚಾಗಿ ಐಪಿಎಸ್‌ನವರಿಗೇ ಹೋಗಿದೆ. 2025ರ ಜುಲೈ 1ರಂದು ಎರಡು ವರ್ಷದ ಅವಧಿಗೆ ಅಧಿಕಾರ ವಹಿಸಿಕೊಂಡ ಪರಾಗ್ ಜೈನ್ 1989ರ ತಂಡದ ಪಂಜಾಬ್ ಕೇಡರ್‌ನ ಐಪಿಎಸ್ ಅಧಿಕಾರಿ. ಬೇರೆಯವರು ಬಂದೇ ಇಲ್ಲ ಅಂತಲ್ಲ. ವಿಕ್ರಮ್ ಸೂದ್ ಮೂಲತಃ ಅಂಚೆ ಸೇವೆಯವರು. ರಾಜಿಂದರ್ ಖನ್ನಾ ಸಂಸ್ಥೆಯ ಸ್ವಂತ ಸೇವೆಯವರು. ಆದರೂ ಅವು ಅಪವಾದಗಳೇ.

ಬ್ರಿಟನ್ ಬೇರೆ ದಾರಿ ಹಿಡಿಯಿತು. ಹೊರದೇಶದ ಬೇಹುಗಾರಿಕೆಗೆ ಎಂಐ6 ಎಂಬ ಸಂಸ್ಥೆಯೊಂದು ಇದೆ ಎಂದು ಅಲ್ಲಿನ ಸರ್ಕಾರ ಒಪ್ಪಿಕೊಂಡಿದ್ದೇ 1992ರಲ್ಲಿ. 1994ರಲ್ಲಿ ಅದಕ್ಕೊಂದು ಕಾಯ್ದೆ ಬಂತು. 2006ರಲ್ಲಿ ಪತ್ರಿಕೆಯಲ್ಲಿ ಬಹಿರಂಗ ಜಾಹೀರಾತು ಕೊಟ್ಟು ಜನರನ್ನು ಕರೆಯಿತು. ಅಮೆರಿಕದ ಸಿಐಎಗೆ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬಹುದು. ಹಾಗೆಂದು ಅವರ ಗುಟ್ಟೆಲ್ಲ ಬೀದಿಗೆ ಬಿದ್ದಿಲ್ಲ. ಗುಟ್ಟಾಗಿರಬೇಕಾದದ್ದು ಆಯ್ಕೆಯಾದವರ ಹೆಸರು, ಅರ್ಜಿಯ ನಮೂನೆ ಅಲ್ಲ. ನಮ್ಮಲ್ಲೂ ಭಾಷೆ ಮತ್ತು ತಂತ್ರಜ್ಞಾನದ ಹುದ್ದೆಗಳನ್ನಾದರೂ ಹೆಸರು ಹೇಳಿ ಕರೆದರೆ ನಷ್ಟಕ್ಕಿಂತ ಲಾಭವೇ ಜಾಸ್ತಿ ಎನ್ನುವ ವಾದದಲ್ಲಿ ಹುರುಳಿದೆ. 2011ರಲ್ಲಿ ಸಂಸದ ಮನೀಶ್ ತಿವಾರಿ ಗುಪ್ತಚರ ಸಂಸ್ಥೆಗಳಿಗೆ ಕಾನೂನಿನ ಚೌಕಟ್ಟು ಹಾಕುವ ಖಾಸಗಿ ಮಸೂದೆ ತಂದಿದ್ದರು. ಅದು ಕಾಯ್ದೆ ಆಗಲಿಲ್ಲ.

ಗೌರಿಬಿದನೂರಿನ ನೆಲದಡಿಯ ಕಿವಿ

ಬೇಹುಗಾರಿಕೆ ಎಂದರೆ ವೇಷ ಮರೆಸಿ ಗಡಿ ದಾಟುವುದು ಎಂಬ ಕಲ್ಪನೆ ಸಿನಿಮಾದ್ದು. ದಿನನಿತ್ಯದ ಕೆಲಸದ ದೊಡ್ಡ ಪಾಲು ಓದುವುದು, ಹೋಲಿಸುವುದು, ವರದಿ ಬರೆಯುವುದು. ಅಷ್ಟೇ ದೊಡ್ಡ ಪಾಲು ಯಂತ್ರಗಳದ್ದು.

ಇದಕ್ಕೆ ಸಾಕ್ಷಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಇದೆ. ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪ ಮಾಪಕಗಳ ಒಂದು ಸಾಲು ಕೆಲಸ ಮಾಡುತ್ತಿದೆ. ಬ್ರಿಟನ್ನಿನ ಪರಮಾಣು ಶಕ್ತಿ ಸಂಸ್ಥೆಯ ಸಹಕಾರದಿಂದ ಶುರುವಾದ ಇದು ಈಗ ಭಾಭಾ ಪರಮಾಣು ಸಂಶೋಧನಾ ಕೇಂದ್ರದ್ದು. ಊರಿನವರಿಗೆ ಅದು ಭೂಕಂಪ ಕೇಂದ್ರ. ಆದರೆ ಕಟ್ಟಿದ್ದು ಮುಖ್ಯವಾಗಿ ಎಲ್ಲೋ ದೂರದ ದೇಶ ನೆಲದಡಿಯಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿದರೆ ಹಿಡಿಯಲು. ಸಹಜ ಭೂಕಂಪದ ಅಲೆಗೂ ಸ್ಫೋಟದ ಅಲೆಗೂ ವ್ಯತ್ಯಾಸ ಇರುತ್ತದೆ. ಸ್ಫೋಟ ನೆಲವನ್ನು ಎಲ್ಲ ದಿಕ್ಕಿಗೂ ಒಟ್ಟಿಗೇ ಹೊರಕ್ಕೆ ತಳ್ಳುತ್ತದೆ. ಭೂಕಂಪದಲ್ಲಿ ಬಂಡೆಗಳು ಒಂದರ ಮೇಲೊಂದು ಜಾರುತ್ತವೆ. ಹಲವು ಮಾಪಕಗಳನ್ನು ಕಿಲೋಮೀಟರ್‌ಗಟ್ಟಲೆ ಸಾಲಾಗಿ ಇಟ್ಟರೆ ಅಲೆ ಯಾವ ದಿಕ್ಕಿನಿಂದ ಬಂತು ಎಂಬುದೂ ಗೊತ್ತಾಗುತ್ತದೆ. 1998ರ ಮೇ ತಿಂಗಳಲ್ಲಿ ಪಾಕಿಸ್ತಾನ ಚಾಗೈ ಬೆಟ್ಟದಲ್ಲಿ ನಡೆಸಿದ ಸ್ಫೋಟದ ಅಲೆಯೂ ಇಲ್ಲಿ ದಾಖಲಾಗಿತ್ತು. ಸ್ಫೋಟ ಎಷ್ಟು ದೊಡ್ಡದಿತ್ತು ಎಂದು ನಮ್ಮ ವಿಜ್ಞಾನಿಗಳು ಲೆಕ್ಕ ಹಾಕಿದ್ದು ಇಂಥ ದಾಖಲೆಗಳಿಂದಲೇ.

ಅಲ್ಲಿ ಕೆಲಸ ಮಾಡುವವರು ಗೂಢಚಾರರಲ್ಲ, ಭೌತವಿಜ್ಞಾನಿಗಳು. ಆದರೂ ಹೊರದೇಶ ಮುಚ್ಚಿಟ್ಟದ್ದನ್ನು ತಿಳಿಯುವ ಕೆಲಸ ಅದು. ಕಾರ್ಗಿಲ್ ಯುದ್ಧದ ನಂತರ ಇದೇ ತಾಂತ್ರಿಕ ಭಾಗ ದುರ್ಬಲವಾಗಿದೆ ಎಂದು ಮನಗಂಡು 2004ರಲ್ಲಿ ಎನ್‌ಟಿಆರ್‌ಒ ಎಂಬ ಪ್ರತ್ಯೇಕ ಸಂಸ್ಥೆ ಕಟ್ಟಿದರು. ಉಪಗ್ರಹ ಚಿತ್ರ, ಸಂಕೇತ ಭೇದನೆ, ಸೈಬರ್ ಅದರ ಕ್ಷೇತ್ರ. ಕ್ಯಾಬಿನೆಟ್ ಸೆಕ್ರೆಟರಿಯೇಟ್‌ನ ತಾಂತ್ರಿಕ ಹುದ್ದೆಗಳು ವರ್ಷ ವರ್ಷ ಏರುತ್ತಿರುವುದಕ್ಕೂ ಕಾರಣ ಇದೇ ಇರಬೇಕು. ಮಾತುಕತೆಗಳು ಫೋನು, ಚಾಟ್ ಆ್ಯಪ್‌ಗೆ ಹೋದ ಮೇಲೆ ಅದನ್ನು ಅರಿಯುವವರೂ ಅಲ್ಲಿಗೇ ಹೋಗಬೇಕಲ್ವಾ?

ಭಾಷೆ ಎಂಬ ಕಡೆಗಣಿಸಿದ ಬಂಡವಾಳ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಈ ಮೂರು ಜಿಲ್ಲೆಗಳಿಗೆ ಒಂದು ಅನುಕೂಲ ಇದೆ. ಬಾಗೇಪಲ್ಲಿ, ಪಾವಗಡ, ಮುಳಬಾಗಿಲಿನಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೆಜಿಎಫ್‌ನಲ್ಲಿ ತಮಿಳು. ಕೋಲಾರ, ಚಿಂತಾಮಣಿ, ಶಿರಾದ ಪೇಟೆಗಳಲ್ಲಿ ಉರ್ದು. ಇದನ್ನು ಇಲ್ಲಿ ಯಾರೂ ಪ್ರತಿಭೆ ಎಂದು ಎಣಿಸುವುದಿಲ್ಲ. ಆದರೆ ಈ ಭಾಷೆಗಳಲ್ಲಿ ಕೆಲವು ನಮ್ಮ ಗಡಿಯಲ್ಲೇ ನಿಲ್ಲುವುದಿಲ್ಲ. ತಮಿಳು ಶ್ರೀಲಂಕಾದ ಉತ್ತರದಲ್ಲಿದೆ, ಉರ್ದು ಪಾಕಿಸ್ತಾನದ ರಾಷ್ಟ್ರಭಾಷೆ. ಅದಕ್ಕಿಂತ ಮುಖ್ಯವಾಗಿ, ಚಿಕ್ಕಂದಿನಿಂದ ಮೂರ್ನಾಲ್ಕು ಭಾಷೆಗಳ ನಡುವೆ ಓಡಾಡಿದವರಿಗೆ ಇನ್ನೊಂದು ಭಾಷೆ ಕಲಿಯಲು ಭಯ ಇರುವುದಿಲ್ಲ.

ನೆರೆಹೊರೆಯನ್ನು ಅರಿಯಬೇಕಾದ ದೇಶಕ್ಕೆ ಚೀನೀ, ಬರ್ಮೀಸ್, ಸಿಂಹಳ, ಪಶ್ತೋ, ಪರ್ಷಿಯನ್ ಬಲ್ಲವರು ಬೇಕೇ ಬೇಕು. ಇಂಗ್ಲಿಷ್ ಒಂದೇ ಗೊತ್ತಿದ್ದರೆ ಇಂಗ್ಲಿಷ್ ಬಲ್ಲವರು ಹೇಳಿದ್ದಷ್ಟೇ ಕಿವಿಗೆ ಬೀಳುತ್ತದೆ. ವಿದೇಶಾಂಗ ಸೇವೆಗೆ ಸೇರಿದವರಿಗೆ ಒಂದು ವಿದೇಶಿ ಭಾಷೆ ಕಡ್ಡಾಯ ಆಗಿರುವುದು ಅದಕ್ಕೇ. ದೆಹಲಿಯ ಜೆಎನ್‌ಯು, ಹೈದರಾಬಾದಿನ ಇಎಫ್‌ಎಲ್‌ಯು ವಿಶ್ವವಿದ್ಯಾಲಯಗಳು ವಿದೇಶಿ ಭಾಷೆ ಕಲಿಸುತ್ತವೆ. ಬಾಗೇಪಲ್ಲಿಯಿಂದ ಹೈದರಾಬಾದಿಗೆ ಒಂದೇ ಹೆದ್ದಾರಿ. ಆದರೆ ನಮ್ಮಲ್ಲಿ ಪಿಯುಸಿ ಆದ ಮಕ್ಕಳಿಗೆ ಈ ಓದು ಇದೆ ಎಂದು ಹೇಳುವವರೇ ಕಡಿಮೆ. ಭಾಷೆ ಕಲಿತವರು ‘ರಾ’ಗೆ ಹೋಗದಿದ್ದರೂ ಅನುವಾದ, ವ್ಯಾಪಾರ, ರಾಯಭಾರ ಕಚೇರಿ ಅಂತ ಎಲ್ಲಾದರೂ ಕೆಲಸ ಸಿಗುತ್ತದೆ. ಕೋಚಿಂಗ್‌ಗೆ ಸುರಿದ ಹಣಕ್ಕೆ ಈ ಖಾತ್ರಿ ಇಲ್ಲ.

ಒಳಗೆ ಹೋದ ಮೇಲೆ ಬಿಟ್ಟುಕೊಡುವುದೇನು

ಸಂಬಳದ ಬಗ್ಗೆ ಎಲ್ಲರೂ ಕೇಳುತ್ತಾರೆ, ಹಕ್ಕುಗಳ ಬಗ್ಗೆ ಯಾರೂ ಕೇಳುವುದಿಲ್ಲ. 1985ರ ಒಂದು ಕಾಯ್ದೆ ಐಬಿ, ‘ರಾ’ದಂಥ ಸಂಸ್ಥೆಗಳ ನೌಕರರು ಸಂಘ ಕಟ್ಟುವುದನ್ನು, ಪತ್ರಿಕೆಗಳ ಜೊತೆ ಮಾತಾಡುವುದನ್ನು ನಿರ್ಬಂಧಿಸುತ್ತದೆ. ಮಾಹಿತಿ ಹಕ್ಕು ಕಾಯ್ದೆಯಿಂದ ಈ ಸಂಸ್ಥೆಗಳಿಗೆ ವಿನಾಯಿತಿ ಇದೆ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟು. 2021ರಲ್ಲಿ ಪಿಂಚಣಿ ನಿಯಮ ತಿದ್ದಿ, ನಿವೃತ್ತರು ತಮ್ಮ ಸಂಸ್ಥೆಯ ವಿಷಯ ಬರೆಯಬೇಕಾದರೂ ಮೊದಲು ಅನುಮತಿ ಪಡೆಯಬೇಕು ಎಂದು ಮಾಡಿದರು.

ಇನ್ನೊಂದು ನಿಯಮ ಇನ್ನೂ ಕಠಿಣ. ‘ರಾ’ದ 1975ರ ಸೇವಾ ನಿಯಮಗಳಲ್ಲಿ 135ನೆಯದು, ಅಧಿಕಾರಿಯ ಗುರುತು ಬಯಲಾದರೆ ಅಥವಾ ಭದ್ರತೆಯ ಕಾರಣಕ್ಕೆ ಆತ ಕೆಲಸಕ್ಕೆ ಬಾರದಂತಾದರೆ ಕಡ್ಡಾಯ ನಿವೃತ್ತಿ ಕೊಡಲು ಅವಕಾಶ ಮಾಡುತ್ತದೆ. ಸುಪ್ರೀಂ ಕೋರ್ಟ್ 2020ರಲ್ಲಿ ಇದನ್ನು ಎತ್ತಿಹಿಡಿಯಿತು. ಅಂದರೆ ತಪ್ಪು ನಿಮ್ಮದಲ್ಲದಿದ್ದರೂ ಕೆಲಸ ಹೋಗಬಹುದು.

ರಕ್ಷಣೆಯ ವಿಷಯಕ್ಕೆ ಬಂದರೆ ಅಧಿಕಾರಿಗೂ ಏಜೆಂಟ್‌ಗೂ ಇರುವ ಅಂತರ ತಿಳಿದಿರಬೇಕು. ಅಧಿಕಾರಿ ಸರ್ಕಾರಿ ನೌಕರ. ಹೊರದೇಶದಲ್ಲಿ ಸಾಮಾನ್ಯವಾಗಿ ರಾಯಭಾರ ಕಚೇರಿಯ ಹೆಸರಿನಲ್ಲಿ ಇರುತ್ತಾನೆ, ಸಿಕ್ಕಿಬಿದ್ದರೆ ವಾಪಸ್ ಕಳಿಸುತ್ತಾರೆ. ಏಜೆಂಟ್ ಮಾಹಿತಿ ಕೊಡುವ ಹೊರಗಿನವನು, ಸಿಕ್ಕಿಬಿದ್ದರೆ ಜೈಲು, ಕೆಲವು ಕಡೆ ಗಲ್ಲು. 2023ರ ಸೆಪ್ಟೆಂಬರ್‌ನಲ್ಲಿ ಕೆನಡಾ ನಮ್ಮ ರಾಜತಾಂತ್ರಿಕರೊಬ್ಬರನ್ನು ‘ರಾ’ದವರೆಂದು ಹೊರಹಾಕಿತು. ಭಾರತ ಆರೋಪ ಅಲ್ಲಗಳೆದು ಅವರ ಅಧಿಕಾರಿಯನ್ನು ಹೊರಹಾಕಿತು. ಅಲ್ಲಿಗೆ ಆ ವ್ಯಕ್ತಿಯ ಮಟ್ಟಿಗೆ ವಿಷಯ ಮುಗಿಯಿತು. ಆದರೆ 2024ರ ಅಕ್ಟೋಬರ್‌ನಲ್ಲಿ ಅಮೆರಿಕ ಒಬ್ಬ ಭಾರತೀಯನ ಮೇಲೆ ಕೊಲೆ ಸಂಚಿನ ದೋಷಾರೋಪ ಹೊರಿಸಿ, ಆತ ಕ್ಯಾಬಿನೆಟ್ ಸೆಕ್ರೆಟರಿಯೇಟ್ ನೌಕರನಾಗಿದ್ದ ಎಂದಿತು. ನಮ್ಮ ವಿದೇಶಾಂಗ ಇಲಾಖೆ ಆತ ಈಗ ಸರ್ಕಾರಿ ನೌಕರನಲ್ಲ ಎಂದಷ್ಟೇ ಹೇಳಿತು. ಆರೋಪ ನಿಜವೋ ಸುಳ್ಳೋ ನ್ಯಾಯಾಲಯ ಹೇಳಬೇಕು. ಆದರೆ ಎಡವಟ್ಟಾದಾಗ ಸರ್ಕಾರ ಎಷ್ಟು ದೂರ ನಿಲ್ಲುತ್ತದೆ ಎಂಬುದಂತೂ ಕಾಣಿಸಿತು.

ಗೊಂದಲದ ಲಾಭ ಯಾರಿಗೆ

ಅಧಿಕೃತ ಮಾಹಿತಿ ಇಲ್ಲದ ಕಡೆ ನಕಲಿಗಳು ಹುಟ್ಟುತ್ತಾರೆ. ‘ರಾ’ ಅಧಿಕಾರಿ ಎಂದು ಹೇಳಿಕೊಂಡು ಮದುವೆ, ಹಣ, ಕೆಲಸದ ಆಮಿಷದಲ್ಲಿ ವಂಚಿಸಿದ ಪ್ರಕರಣಗಳು ದೇಶದ ಹಲವು ಕಡೆ ದಾಖಲಾಗಿವೆ. ಗುರುತಿನ ಚೀಟಿ ತೋರಿಸಿ ‘ಯಾರಿಗೂ ಹೇಳಬೇಡಿ’ ಎಂದರೆ ಪರೀಕ್ಷಿಸುವುದು ಹೇಗೆ? ಗುಟ್ಟೇ ಅವರ ಬಂಡವಾಳ. ನಿಜವಾದ ಅಧಿಕಾರಿ ತಾನು ಯಾರೆಂದು ಹೇಳಿಕೊಂಡು ತಿರುಗುವುದಿಲ್ಲ ಎಂಬ ಸಣ್ಣ ತರ್ಕ ಎಷ್ಟೋ ಮನೆಗಳನ್ನು ಉಳಿಸುತ್ತಿತ್ತು.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು, ಅದು ಈ ಜಿಲ್ಲೆಗಳಿಗೆ ಹತ್ತಿರದ್ದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಕೆಜಿಎಫ್‌ನಲ್ಲಿ ಸೇನೆಗೂ ವಾಹನ ತಯಾರಿಸುವ ಬಿಇಎಂಎಲ್ ಇದೆ. ಇಂಥ ಕಡೆ ಕೆಲಸ ಮಾಡುವವರನ್ನು, ಅಪ್ರೆಂಟಿಸ್‌ಗಳನ್ನು ಹೊರದೇಶದವರು ಸೋಷಿಯಲ್ ಮೀಡಿಯಾದಲ್ಲಿ ಹುಡುಕುತ್ತಾರೆ. ಗೆಳೆತನ, ಪ್ರೀತಿ, ‘ಲೇಖನ ಬರೆದುಕೊಡಿ, ದುಡ್ಡು ಕೊಡ್ತೀವಿ’ ಎಂಬ ಸಣ್ಣ ಕೆಲಸ. ಕೆಲವೊಮ್ಮೆ ‘ನಾವು ಭಾರತದ ಗುಪ್ತಚರ ಇಲಾಖೆಯವರೇ’ ಎಂಬ ಸೋಗು. ಸುಮ್ನೆ ಕಳಿಸಿದ ಒಂದು ಫೋಟೊ 1923ರ ಅಧಿಕೃತ ರಹಸ್ಯ ಕಾಯ್ದೆಯಡಿ ಜೈಲಿಗೆ ದಾರಿ ಮಾಡಬಹುದು. ಗೂಢಚಾರಿಕೆಯ ಮೇಲೆ ಮೋಹ ಇರುವ, ಆದರೆ ಅದರ ನಿಜವಾದ ದಾರಿ ಗೊತ್ತಿಲ್ಲದ ಹುಡುಗ ಈ ಬಲೆಗೆ ಸುಲಭವಾಗಿ ಬೀಳುತ್ತಾನೆ.

ವಯಸ್ಸಿನ ಲೆಕ್ಕ

ಈಗಿನ ನಿಯಮಗಳಲ್ಲಿ ದೊಡ್ಡ ಬದಲಾವಣೆ ಸದ್ಯಕ್ಕೆ ಕಾಣುತ್ತಿಲ್ಲ. ಐಬಿ ದೊಡ್ಡ ಸಂಖ್ಯೆಯಲ್ಲಿ ಕರೆಯುತ್ತಾ ಹೋಗುತ್ತದೆ, ತಾಂತ್ರಿಕ ಹುದ್ದೆಗಳು ಹೆಚ್ಚಬಹುದು, ‘ರಾ’ದ ಸ್ವಂತ ಸೇವೆ ಚಿಕ್ಕದಾಗಿಯೇ ಉಳಿಯುತ್ತದೆ. ಹಾಗಾಗಿ ಆಸೆ ಇರುವವರು ಯೋಜನೆ ಹಾಕಬೇಕಾದದ್ದು ವಯಸ್ಸಿನ ಮೇಲೆ. ಗೇಟ್ ಪರೀಕ್ಷೆಯನ್ನು ಎಂಜಿನಿಯರಿಂಗ್ ಮೂರನೇ ವರ್ಷದಲ್ಲೇ ಬರೆಯಬಹುದು. ಮೀಸಲಾತಿಯ ಸಡಿಲಿಕೆ ಇಲ್ಲದವರಿಗೆ 27 ದಾಟಿದರೆ ಐಬಿ ದರ್ಜೆ-2 ಇಲ್ಲ, 30 ದಾಟಿದರೆ ಡೆಪ್ಯುಟಿ ಫೀಲ್ಡ್ ಆಫೀಸರ್ ಇಲ್ಲ, 32 ದಾಟಿದರೆ ಯುಪಿಎಸ್‌ಸಿಯೂ ಇಲ್ಲ. ಆಮೇಲೆ ಉಳಿಯುವುದು ಡೆಪ್ಯುಟೇಶನ್ ಒಂದೇ. ಅದಕ್ಕೆ ಅಷ್ಟರೊಳಗೆ ಪೊಲೀಸ್, ಸೇನೆ, ಕಂದಾಯ, ಹೀಗೆ ಬೇರೊಂದು ಸೇವೆಯಲ್ಲಿ ಕೆಲಸಕ್ಕೆ ಸೇರಿರಬೇಕು.